ಗಡಿಯಲ್ಲಿರುವವರ ನಡಿಗೆ

‘ಶುಗರ್ ಏನೂ ಬಂದಿಲ್ಲ, ಬಾರ್ಡರಿನಲ್ಲಿದೆ ಅಷ್ಟೆ.’ ರಕ್ತಪರೀಕ್ಷೆಯ ವರದಿಯನ್ನು ಮಡಚಿ ಕಿಸೆಗಿಡುತ್ತ ನಮ್ಮವರು ಆಡುವ ಮಾತಿದು. ವೈದ್ಯಕೀಯದಲ್ಲಿ ಈ ಸ್ಥಿತಿಗೆ ಪ್ರೀಡಯಾಬಿಟಿಸ್ ಎಂದು ಹೆಸರು. ಕನ್ನಡದಲ್ಲಿ ಮಧುಮೇಹಪೂರ್ವ ಸ್ಥಿತಿ ಎನ್ನಬಹುದು. ಆದರೆ ಜನರ ಬಾಯಲ್ಲಿ ನಿಂತ ಹೆಸರು ‘ಬಾರ್ಡರ್’. ಬೆಳಗಾವಿ, ನಿಪ್ಪಾಣಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ಪುಣೆಗೆ ಬಂದು ನೆಲೆಸಿದ ನಮಗೆ ಗಡಿಯೆಂಬುದು ಹೊಸ ಶಬ್ದವಲ್ಲ. ನಕಾಶೆಯ ಮೇಲೆ ಅದು ಒಂದು ಗೆರೆ. ಬದುಕಿನಲ್ಲಿ ಅದು ಜನ ವಾಸಿಸುವ ಒಂದು ಸೀಮೆ. ಅಲ್ಲಿಯವರು ಸಂತೆಗೆಂದು ಆಚೆ ಹೋಗುತ್ತಾರೆ, ಹೊತ್ತು ಮುಳುಗುವಷ್ಟರಲ್ಲಿ ಈಚೆ ಬರುತ್ತಾರೆ. ದೇಹದೊಳಗಿನ ಈ ಗಡಿಯೂ ಹಾಗೆಯೇ. ಇಲ್ಲಿಂದ ಮುಂದಕ್ಕೆ ಹೋಗುವ ದಾರಿಯಿರುವಂತೆ ಹಿಂದಕ್ಕೆ ಮರಳುವ ದಾರಿಯೂ ಇದೆ. ‘ಅಷ್ಟೆ’ ಎಂಬ ಮಾತಿನಲ್ಲಿರುವ ನಿಶ್ಚಿಂತೆಯನ್ನು ನಾವು ಒಪ್ಪಲಾರೆವು; ಆದರೆ ಅದರಲ್ಲಿ ಅಡಗಿರುವ ಅವಕಾಶ ನಿಜವಾದದ್ದು.

ಮರಳುವ ದಾರಿಯನ್ನು ಬಹುಮಟ್ಟಿಗೆ ಕಾಲ್ನಡಿಗೆಯಲ್ಲೇ ಕ್ರಮಿಸಬೇಕೆಂಬುದನ್ನು ವೈದ್ಯರೆಲ್ಲ ಹೇಳುತ್ತಾರೆ. ಅವರ ಚೀಟಿಯಲ್ಲಿ ಆ ಸಲಹೆ ಒಂದೇ ಪದದಲ್ಲಿ ಮುಗಿಯುತ್ತದೆ: ವಾಕಿಂಗ್. ಎಲ್ಲಿ ನಡೆಯಬೇಕು, ಯಾವ ಹೊತ್ತಿನಲ್ಲಿ ನಡೆಯಬೇಕು, ಆ ಹೊತ್ತನ್ನು ಯಾರು ಬಿಟ್ಟುಕೊಡಬೇಕು ಎಂಬ ಪ್ರಶ್ನೆಗಳು ಚೀಟಿಯ ಹೊರಗೇ ಉಳಿಯುತ್ತವೆ. ಈ ಬರಹದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟು: ನಡಿಗೆ ಔಷಧವೆಂದಾದರೆ ಅದನ್ನು ಸೇವಿಸಲು ಜಾಗ ಬೇಕು, ಹೊತ್ತು ಬೇಕು. ಊರು ಜಾಗ ಕೊಡಬೇಕು, ಮನೆ ಹೊತ್ತು ಕೊಡಬೇಕು. ಇವೆರಡೂ ದೊರೆಯದ ವ್ಯಕ್ತಿಗೆ ‘ನಡೆಯಿರಿ’ ಎಂದು ಉಪದೇಶಿಸುವುದು, ಬತ್ತಿದ ಬಾವಿಯ ಬಳಿ ನಿಲ್ಲಿಸಿ ನೀರು ಕುಡಿಯಿರಿ ಎಂದಂತೆ.

ಮೊದಲು ಗಡಿಯ ಅಳತೆಯನ್ನು ನೋಡೋಣ. ಅಮೆರಿಕದ ಮಧುಮೇಹ ಸಂಘದ ಮಾನದಂಡದಂತೆ ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ರಿಂದ 125 ಮಿಲಿಗ್ರಾಂ ಇದ್ದರೆ, ಅಥವಾ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪ್ರಮಾಣ ಶೇ. 5.7ರಿಂದ 6.4ರ ನಡುವೆ ಇದ್ದರೆ, ಆ ವ್ಯಕ್ತಿ ಗಡಿಯಲ್ಲಿದ್ದಾನೆ ಎಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆ ಖಾಲಿ ಹೊಟ್ಟೆಯ ಲೆಕ್ಕವನ್ನು 110ರಿಂದ ಆರಂಭಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ; ಗಡಿಯಲ್ಲಿರುವವರು ಸುಮಾರು 13.6 ಕೋಟಿ. ದಾಟಿದವರಿಗಿಂತ ದಾಟದೆ ನಿಂತವರೇ ಹೆಚ್ಚು. ಇವರಲ್ಲಿ ಬಹುಪಾಲು ಜನರಿಗೆ ಯಾವ ನೋವೂ ಇರುವುದಿಲ್ಲ, ಯಾವ ಲಕ್ಷಣವೂ ಕಾಣುವುದಿಲ್ಲ. ಪರೀಕ್ಷೆ ಮಾಡಿಸದಿದ್ದರೆ ಗೊತ್ತಾಗುವುದೇ ಇಲ್ಲ.

‘ನಾನು ದಪ್ಪಗಿಲ್ಲವಲ್ಲ, ನನಗೇಕೆ ಬರುತ್ತದೆ?’ ಎಂದು ಕೇಳುವವರಿಗೆ ಉತ್ತರ ಸಿಕ್ಕಿದ್ದು ನಾವಿರುವ ಈ ಪುಣೆಯಲ್ಲೇ. ಇಲ್ಲಿಯ ಕೆಇಎಂ ಆಸ್ಪತ್ರೆಯ ಸಂಶೋಧಕ ಡಾ. ಚಿತ್ತರಂಜನ ಯಾಜ್ಞಿಕರು ಹಲವು ದಶಕಗಳಿಂದ ಭಾರತೀಯರ ದೇಹರಚನೆಯನ್ನು ಅಭ್ಯಸಿಸಿದವರು. 2004ರಲ್ಲಿ ಅವರು ತಮ್ಮ ಬ್ರಿಟಿಷ್ ಸ್ನೇಹಿತ ಜಾನ್ ಯುಡ್ಕಿನ್ ಅವರೊಂದಿಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಚಿತ್ರವನ್ನು ಪ್ರಕಟಿಸಿದರು. ಇಬ್ಬರು ವಿಜ್ಞಾನಿಗಳು ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಇಬ್ಬರದೂ 22.3. ಆದರೆ ದೇಹದಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಕಣ್ಣಿಗೆ ತೆಳ್ಳಗೆ, ಒಳಗೆ ಕೊಬ್ಬು, ಸ್ನಾಯು ಕಡಿಮೆ. ನಮ್ಮ ಈ ಮೈಕಟ್ಟಿನ ಬೇರುಗಳು ತಾಯಿಯ ಗರ್ಭದವರೆಗೂ ಹೋಗುತ್ತವೆಂಬುದನ್ನು ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳನ್ನು ತೂಗಿ, ಅಳೆದು ಅವರ ತಂಡ ತೋರಿಸಿಕೊಟ್ಟಿತು. ಆದ್ದರಿಂದ ತಕ್ಕಡಿಯ ಮುಳ್ಳನ್ನು ನೋಡಿ ಸಮಾಧಾನಪಡುವ ಸೌಲಭ್ಯ ನಮಗಿಲ್ಲ. ನಮ್ಮ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನೂ ಹೆಂಗಸರದು 80ನ್ನೂ ಮೀರಿದರೆ ಎಚ್ಚರಗೊಳ್ಳಬೇಕು.

ಸ್ನಾಯು ಕಡಿಮೆಯಾದರೆ ತೊಂದರೆಯೇನು? ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಸೇರಿಸಿಕೊಳ್ಳುವ ಕಣಜ ನಮ್ಮ ಸ್ನಾಯುಗಳೇ. ಆ ಕಣಜದ ಬಾಗಿಲು ತೆರೆಯುವ ಕೀಲಿ ಇನ್ಸುಲಿನ್. ಗಡಿಯಲ್ಲಿರುವವರಲ್ಲಿ ಈ ಕೀಲಿ ಸಲೀಸಾಗಿ ತಿರುಗುವುದಿಲ್ಲ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತ ಕ್ರಮೇಣ ದಣಿಯುತ್ತದೆ. ಆದರೆ ಸ್ನಾಯುವಿಗೆ ಇನ್ನೊಂದು ಬಾಗಿಲಿದೆ. ತೊಡೆ, ಮೀನಖಂಡಗಳು ಸಂಕುಚಿಸಿ ಹಿಗ್ಗುವಾಗ ಸಕ್ಕರೆಯನ್ನು ಒಳಗೆ ಸಾಗಿಸುವ ಪ್ರೋಟೀನುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಜೀವಕೋಶದ ಅಂಚಿಗೆ ಬಂದು ನಿಲ್ಲುತ್ತವೆ. ನಡೆಯುವವನ ಕಾಲುಗಳೇ ಬಾಗಿಲು ತೆರೆಯುತ್ತವೆ ಎನ್ನಬಹುದು. ನಡಿಗೆ ನಿಂತ ಮೇಲೂ ಒಂದೆರಡು ದಿನ ಇನ್ಸುಲಿನ್ನಿನ ಕೆಲಸ ಹಗುರಾಗಿರುತ್ತದೆ. ಆಮೇಲೆ ಪರಿಣಾಮ ಇಳಿಯುತ್ತದೆ. ವಾರಕ್ಕೊಮ್ಮೆ ಹತ್ತು ಮೈಲಿ ನಡೆದು ಉಳಿದ ದಿನ ಕುಳಿತಿರುವುದಕ್ಕಿಂತ ದಿನವೂ ಅರ್ಧ ಗಂಟೆ ನಡೆಯುವುದು ಲೇಸೆನ್ನುವುದರ ಹಿಂದಿರುವ ಕಾರಣ ಇದು.

ಇದು ಬರಿಯ ತರ್ಕವಲ್ಲ, ಪರೀಕ್ಷೆಗೊಳಪಟ್ಟ ಸಂಗತಿ. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಆರಂಭವಾದ ಅಧ್ಯಯನದಲ್ಲಿ ಗಡಿಯಲ್ಲಿದ್ದ 577 ಜನರ ಪೈಕಿ ಹೆಚ್ಚಿನವರಿಗೆ ಆರು ವರ್ಷ ಆಹಾರ, ವ್ಯಾಯಾಮಗಳ ಮಾರ್ಗದರ್ಶನ ಕೊಡಲಾಯಿತು. ಮೂವತ್ತು ವರ್ಷಗಳ ನಂತರ ನೋಡಿದಾಗ, ಮಾರ್ಗದರ್ಶನ ಪಡೆದವರಿಗೆ ಮಧುಮೇಹ ಸರಾಸರಿ ನಾಲ್ಕು ವರ್ಷದಷ್ಟು ತಡವಾಗಿ ಬಂದಿತ್ತು. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷದ ಚುರುಕು ನಡಿಗೆಯಂಥ ವ್ಯಾಯಾಮ ಮತ್ತು ಮಿತಾಹಾರದಿಂದ ತೂಕ ಇಳಿಸಿಕೊಳ್ಳುವ ಗುರಿಯಿಟ್ಟವರಲ್ಲಿ ಮಧುಮೇಹದ ಸಂಭವ ಶೇ. 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 31ರಷ್ಟು. ನಮಗೆ ಹೆಚ್ಚು ಹತ್ತಿರವಾದದ್ದು ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿ ಯಾವ ವಿಶೇಷ ಸಲಹೆಯೂ ಇಲ್ಲದ ಗುಂಪಿನಲ್ಲಿ ಮೂರು ವರ್ಷದೊಳಗೆ ಶೇ. 55 ಜನ ಮಧುಮೇಹಿಗಳಾದರು. ದಿನಕ್ಕೆ ಅರ್ಧ ಗಂಟೆಯಾದರೂ ನಡೆಯುವಂತೆ, ಊಟ ತಿದ್ದಿಕೊಳ್ಳುವಂತೆ ಮಾರ್ಗದರ್ಶನ ಪಡೆದ ಗುಂಪಿನಲ್ಲಿ ಈ ಪ್ರಮಾಣ ಶೇ. 39.3. ಗಮನಿಸಬೇಕಾದ ಮಾತೆಂದರೆ, ಈ ಲಾಭ ದೊರೆತದ್ದು ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ. ತೆಳ್ಳಗಿರುವ ಭಾರತೀಯನಿಗೂ ನಡಿಗೆಯಿಂದ ಉಪಯೋಗವಿದೆಯೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಅದೇ ಅಂಕಿ ಇನ್ನೊಂದು ಸತ್ಯವನ್ನೂ ಹೇಳುತ್ತದೆ: ನಡೆದವರೆಲ್ಲರೂ ಪಾರಾಗಲಿಲ್ಲ. ನಡಿಗೆಯನ್ನು ಸಂಜೀವಿನಿಯೆಂದು ಮಾರುವವರ ಮಾತನ್ನು ನಂಬಬೇಕಾಗಿಲ್ಲ. ಅದನ್ನು ಬಿಟ್ಟು ಕೂರುವುದಕ್ಕೆ ಇದು ನೆಪವೂ ಆಗಬಾರದು.

ಹಾಗಿದ್ದರೆ ನಡಿಗೆ ಮರಗಿಡಗಳ ನಡುವೆಯೇ ಏಕಾಗಬೇಕು? ಮನೆಯ ಮೇಲ್ಛಾವಣಿಯಲ್ಲಿ, ಜಿಮ್ಮಿನ ಯಂತ್ರದ ಮೇಲೆ ನಡೆದರೆ ಸಾಲದೇ? ಸ್ನಾಯುವಿನ ದೃಷ್ಟಿಯಿಂದ ಸಾಕು. ಹೆಜ್ಜೆ ಎಲ್ಲಿಟ್ಟರೂ ಹೆಜ್ಜೆಯೇ. ಆದರೆ ಸಕ್ಕರೆಯ ಕಥೆ ಸ್ನಾಯುವಿನಲ್ಲಿ ಮುಗಿಯುವುದಿಲ್ಲ. ಮನಸ್ಸು ಒತ್ತಡದಲ್ಲಿದ್ದಾಗ ಏರುವ ಕಾರ್ಟಿಸಾಲ್ ಯಕೃತ್ತಿನಿಂದ ಸಕ್ಕರೆಯನ್ನು ಹೊರಗೆಳೆಯುತ್ತದೆ, ಇನ್ಸುಲಿನ್ನಿನ ಕೈಕಟ್ಟುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ನಗರವಾಸಿಗಳು ಹಸಿರಿನ ನಡುವೆ 20ರಿಂದ 30 ನಿಮಿಷ ಕಳೆದಾಗ ಈ ಕಾರ್ಟಿಸಾಲ್ ಹೆಚ್ಚು ವೇಗವಾಗಿ ಇಳಿದದ್ದು ಕಂಡುಬಂತು. ‘ಅರಣ್ಯಸ್ನಾನ’ ಎಂಬರ್ಥದ ‘ಶಿನ್‌ರಿನ್‌ಯೊಕು’ ಎಂಬ ಶಬ್ದವನ್ನು 1982ರಲ್ಲಿ ಬಳಕೆಗೆ ತಂದ ಜಪಾನಿನಲ್ಲಿ, ಕಾಡಿನಲ್ಲಿ ನಡೆದ ಮಧುಮೇಹಿಗಳ ರಕ್ತದ ಸಕ್ಕರೆ ಇಳಿದದ್ದನ್ನು 1998ರಲ್ಲಿ ವರದಿ ಮಾಡಲಾಯಿತು. ಅವರು ಗಡಿ ದಾಟಿದ್ದವರು. ಇಳಿಕೆಯಲ್ಲಿ ಹೆಜ್ಜೆಯ ಪಾಲೆಷ್ಟು, ಮರದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಹೆಚ್ಚು ಗಟ್ಟಿಯಾದ ಸಾಕ್ಷ್ಯ ಗಾಳಿಯದು. ಲಂಡನ್ನಿನಲ್ಲಿ ಅರವತ್ತು ದಾಟಿದ 119 ಜನರನ್ನು ಒಂದು ದಿನ ವಾಹನದಟ್ಟಣೆಯ ಆಕ್ಸ್‌ಫರ್ಡ್ ಬೀದಿಯಲ್ಲಿ, ಇನ್ನೊಂದು ದಿನ ಹೈಡ್ ಪಾರ್ಕಿನಲ್ಲಿ ಎರಡೆರಡು ಗಂಟೆ ನಡೆಸಿ ನೋಡಿದರು. ಉದ್ಯಾನದ ನಡಿಗೆಯಿಂದ ಶ್ವಾಸಕೋಶಕ್ಕೂ ರಕ್ತನಾಳಗಳಿಗೂ ಆದ ಲಾಭ ಬೀದಿಯ ನಡಿಗೆಯಲ್ಲಿ ಹೊಗೆಯ ಪಾಲಾಯಿತೆಂದು 2018ರಲ್ಲಿ ಪ್ರಕಟವಾದ ಆ ಅಧ್ಯಯನ ತಿಳಿಸಿತು. ದೆಹಲಿ ಮತ್ತು ಚೆನ್ನೈಗಳ ನಿವಾಸಿಗಳನ್ನು ಹಲವು ವರ್ಷ ಅನುಸರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಾಳಿಯಲ್ಲಿನ ಸೂಕ್ಷ್ಮ ಧೂಳಿಗೂ ಮಧುಮೇಹಕ್ಕೂ ನಂಟಿರುವುದನ್ನು ಕಂಡಿತು. ಹೀಗಿರುವಾಗ ಬಸ್ಸು, ರಿಕ್ಷಾಗಳ ನಡುವೆ ಕಿತ್ತುಹೋದ ಫುಟ್‌ಪಾತಿನಲ್ಲಿ ಬಿರುಸಾಗಿ ಉಸಿರೆಳೆಯುತ್ತ ನಡೆಯುವುದನ್ನೂ ಮರಗಳ ನಡುವೆ ನಡೆಯುವುದನ್ನೂ ಒಂದೇ ಔಷಧವೆಂದು ಕರೆಯಲಾಗದು.

ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೂ ಸರಳವಾದದ್ದು. ಪ್ರಯೋಜನ ದಿನನಿತ್ಯದ ಪುನರಾವರ್ತನೆಯಲ್ಲಿದೆ; ಮನುಷ್ಯ ಮತ್ತೆ ಮತ್ತೆ ಹೋಗುವುದು ಹೋಗಬೇಕೆನಿಸುವ ಜಾಗಕ್ಕೆ. ಪುಣೆಯ ಜನ ಗುಡ್ಡಕ್ಕೆ ಟೇಕಡಿ ಎನ್ನುತ್ತಾರೆ. ‘ಟೇಕಡಿಗೆ ಹೋಗಿಬರುವುದು’ ಈ ಊರಿನ ಹಳೆಯ ರೂಢಿ. ಪರ್ವತಿಯ 103 ಮೆಟ್ಟಿಲುಗಳನ್ನು ದಿನವೂ ಹತ್ತಿಳಿಯುವವರಿದ್ದಾರೆ. ಬೇಂದ್ರೆಯವರು ಓದಿದ ಫರ್ಗ್ಯೂಸನ್ ಕಾಲೇಜಿನ ಬೆನ್ನಿಗೇ ಹನುಮಾನ್ ಟೇಕಡಿಯಿದೆ. ತಳಜಾಯಿ, ಬಾಣೇರ್, ಪಾಷಾಣಗಳ ಗುಡ್ಡಗಳಿವೆ. ಎಲ್ಲಕ್ಕಿಂತ ಎತ್ತರದ ವೇತಾಳ ಟೇಕಡಿಯ ಮೇಲೆ ವೇತಾಳಬಾಬಾನ ಗುಡಿ, ಹಳೆಯ ಕಲ್ಲುಗಣಿ, ಬೇಸಿಗೆಯಲ್ಲಿ ಒಣಹುಲ್ಲು, ಮಳೆ ಬಿದ್ದ ಹದಿನೈದು ದಿನಕ್ಕೆ ಮೊಣಕಾಲೆತ್ತರದ ಹಸಿರು, ನಸುಕಿನಲ್ಲಿ ನವಿಲಿನ ಕೂಗು. ಇದು ಸಹ್ಯಾದ್ರಿಯ ದಟ್ಟ ಕಾಡಲ್ಲ. ಅರಣ್ಯ ಇಲಾಖೆ ನೆಟ್ಟ ಗ್ಲಿರಿಸಿಡಿಯಾ ಮರಗಳೇ ಹೆಚ್ಚಾಗಿರುವ ಬರಡು ಗುಡ್ಡ. ಆದರೂ ನಿನ್ನೆ ಕಂಡ ಹಕ್ಕಿ ಇಂದೂ ಕಂಡೀತೇ ಎಂಬ ಕುತೂಹಲ ಎಬ್ಬಿಸುವಷ್ಟನ್ನು ಯಾವ ಅಲಾರಮ್ಮೂ ಎಬ್ಬಿಸದು. ಏರುದಾರಿ ತೊಡೆಯ ಸ್ನಾಯುಗಳನ್ನು ದುಡಿಸುತ್ತದೆ. ಇಳಿಯುವ ದಾರಿಯೂ ವ್ಯರ್ಥವಲ್ಲ. ಆಸ್ಟ್ರಿಯಾದ ಆಲ್ಪ್ಸ್ ಸೀಮೆಯಲ್ಲಿ ಕೆಲವರನ್ನು ಎರಡು ತಿಂಗಳು ಬೆಟ್ಟ ಹತ್ತಿಸಿ, ತಂತಿಬಂಡಿಯಲ್ಲಿ ಇಳಿಸಿ, ಮುಂದಿನ ಎರಡು ತಿಂಗಳು ಅದನ್ನೇ ತಿರುಗುಮುರುಗಾಗಿ ಮಾಡಿಸಿದಾಗ, ಬರಿ ಇಳಿಯುವ ನಡಿಗೆಯಿಂದಲೂ ದೇಹ ಗ್ಲೂಕೋಸನ್ನು ನಿಭಾಯಿಸುವ ಶಕ್ತಿ ಸುಧಾರಿಸಿತ್ತು.

ಈಗ ಜಾಗದ ಪ್ರಶ್ನೆಗೆ ಬರೋಣ. ವೇತಾಳ ಟೇಕಡಿಯ ಬುಡವನ್ನು ಹಾದು ಬಾಲಭಾರತಿಯಿಂದ ಪೌಡ ಫಾಟಾಕ್ಕೆ ರಸ್ತೆ ಮಾಡುವ ಮಹಾನಗರಪಾಲಿಕೆಯ ಪ್ರಸ್ತಾವ ಬಹಳ ವರ್ಷಗಳಿಂದ ಇದೆ. ಲಾ ಕಾಲೇಜ್ ರಸ್ತೆಯ ದಟ್ಟಣೆ ಇಳಿಸುವುದು ಅದರ ಉದ್ದೇಶ. 2023ರಲ್ಲಿ ನಾಗರಿಕರು ಗುಡ್ಡವನ್ನು ಉಳಿಸಿರೆಂದು ಬೀದಿಗಿಳಿದರು. ಹೈದರಾಬಾದಿನ ಕೆಬಿಆರ್ ಉದ್ಯಾನದ ಸುತ್ತ ಮೇಲ್ಸೇತುವೆಗಳಿಗಾಗಿ ಮರ ಕಡಿಯುವ ಯೋಜನೆಯ ವಿರುದ್ಧ 2016ರಲ್ಲಿ ಅಲ್ಲಿಯ ನಡಿಗೆದಾರರೇ ನಿಂತಿದ್ದನ್ನು ಆ ಊರಿನ ನಮ್ಮ ಓದುಗರು ಬಲ್ಲರು. ಇಂಥ ವಾದಗಳಲ್ಲಿ ಒಂದು ಕಡೆ ‘ಅಭಿವೃದ್ಧಿ’ಯನ್ನೂ ಇನ್ನೊಂದು ಕಡೆ ‘ಪರಿಸರಪ್ರೇಮ’ವನ್ನೂ ನಿಲ್ಲಿಸುವುದು ವಾಡಿಕೆ. ದಟ್ಟಣೆಯಲ್ಲಿ ದಿನಕ್ಕೆರಡು ಗಂಟೆ ಕಳೆಯುವವನ ಸಂಕಟವೂ ಸುಳ್ಳಲ್ಲವೆಂದು ನಾವು ಬಲ್ಲೆವು. ಅವನೂ ನಮ್ಮವನೇ, ಅವನ ಸಕ್ಕರೆಯೂ ಗಡಿಯಲ್ಲೇ ಇರಬಹುದು. ಆದರೆ ರಸ್ತೆಯ ಲಾಭವನ್ನು ಉಳಿದ ನಿಮಿಷಗಳಲ್ಲಿ ಲೆಕ್ಕ ಹಾಕುವಾಗ, ಗುಡ್ಡದ ಲಾಭವನ್ನು ತಡವಾದ ಅಥವಾ ತಪ್ಪಿದ ರೋಗದ ವರ್ಷಗಳಲ್ಲಿ ಲೆಕ್ಕ ಹಾಕಬಾರದೇಕೆ? ಮಧುಮೇಹವೆಂದರೆ ಮಾತ್ರೆ, ಪರೀಕ್ಷೆ, ಕಣ್ಣು, ಮೂತ್ರಪಿಂಡ, ಪಾದಗಳ ಆರೈಕೆಯೆಂದು ಕುಟುಂಬವೊಂದು ದಶಕಗಟ್ಟಲೆ ಕಟ್ಟುವ ಕಂದಾಯ. ಅದನ್ನು ನಾಲ್ಕು ವರ್ಷ ಮುಂದೂಡುವ ಜಾಗ ಆಸ್ಪತ್ರೆಯಷ್ಟೇ ಸಾರ್ವಜನಿಕ ಆಸ್ತಿ. ಆಸ್ಪತ್ರೆಯ ಒಂದು ವಾರ್ಡನ್ನು ಕೆಡವಿ ರಸ್ತೆ ಮಾಡುತ್ತೇವೆಂದರೆ ಕೇಳುವ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕು ಎಂಬುದು ನಮ್ಮ ನಿಲುವು.

ಜಾಗ ಉಳಿದರೂ ಹೊತ್ತು ಎಲ್ಲರಿಗೂ ಸಮನಾಗಿ ಸಿಕ್ಕುವುದಿಲ್ಲ. ಬೆಳಗಿನ ಆರು ಗಂಟೆಯ ಟೇಕಡಿ ಗಂಡಸರದು, ನಿವೃತ್ತರದು. ಆ ಹೊತ್ತಿಗೆ ಮನೆಯ ಹೆಂಗಸು ಡಬ್ಬಿ ಕಟ್ಟುತ್ತಿರುತ್ತಾಳೆ, ನಲ್ಲಿಯ ನೀರು ಹಿಡಿಯುತ್ತಿರುತ್ತಾಳೆ, ಮಕ್ಕಳನ್ನು ಎಬ್ಬಿಸುತ್ತಿರುತ್ತಾಳೆ. ಬಸುರಿನಲ್ಲಿ ಸಕ್ಕರೆ ಏರಿದ್ದವರಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅಂಥವಳಿಗೆ ನಡಿಗೆ ಗಂಡನಿಗಿಂತ ಹೆಚ್ಚು ಅಗತ್ಯ. ‘ಮನೆಗೆಲಸದಲ್ಲೇ ವ್ಯಾಯಾಮ ಆಗುತ್ತದಲ್ಲ’ ಎಂಬ ಸಮಾಧಾನ ಅವಳ ನಡಿಗೆಗೆ ಬದಲಿಯಾಗದು. ಒಲೆಯ ಮುಂದೆ ನಿಂತ ದಣಿವಿನಲ್ಲಿ ಚುರುಕು ಹೆಜ್ಜೆಯೂ ಇಲ್ಲ, ಮನಸ್ಸಿಗೆ ಬಿಡುವೂ ಇಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರ ವರದಿ ಗಡಿ ಮುಟ್ಟಿದ ದಿನವೇ ಆ ಮನೆಯ ಬೆಳಗಿನ ಕೆಲಸಗಳನ್ನು ಹೊಸದಾಗಿ ಹಂಚಿಕೊಳ್ಳಬೇಕು. ಬೆಳಿಗ್ಗೆ ಆಗದಿದ್ದರೆ ಊಟದ ನಂತರದ ಹೊತ್ತಿದೆ. ಸಕ್ಕರೆ ಏರುವ ಅಪಾಯವಿದ್ದ ಅರವತ್ತು ದಾಟಿದ ಹತ್ತು ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ಹೊತ್ತಿನ ಊಟದ ನಂತರ 15 ನಿಮಿಷದಂತೆ ನಡೆದದ್ದು ದಿನದ ಒಟ್ಟು ಸಕ್ಕರೆಯನ್ನು ತಗ್ಗಿಸುವಲ್ಲಿ ಬೆಳಗಿನ 45 ನಿಮಿಷದ ನಡಿಗೆಗೆ ಸಮನಾಗಿತ್ತು. ರಾತ್ರಿಯೂಟದ ನಂತರದ ಏರಿಕೆಯನ್ನು ತಡೆಯುವಲ್ಲಿ ಅದಕ್ಕಿಂತ ಮೇಲಾಗಿತ್ತು. ಊಟವಾದ ಮೇಲೆ ನೂರು ಹೆಜ್ಜೆ ನಡೆಯಬೇಕೆಂಬ ಹಿರಿಯರ ಮಾತಿಗೆ ಇದು ಅಡಿಟಿಪ್ಪಣಿಯಂತಿದೆ. ಆದರೆ ರಾತ್ರಿ ಒಂಬತ್ತಕ್ಕೆ ಹೆಂಗಸೊಬ್ಬಳು ನಿರ್ಭಯಳಾಗಿ ನಡೆಯಬೇಕಾದರೆ ಓಣಿಯ ಕೊನೆಯ ಉದ್ಯಾನದಲ್ಲಿ ದೀಪ ಉರಿಯಬೇಕು, ಬಾಗಿಲು ತೆರೆದಿರಬೇಕು.

ಉಡುಪಿ ಹೋಟೆಲಿನ ಮಾಣಿ, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಹಿಂಜವಡಿಯಲ್ಲಿ ರಾತ್ರಿಪಾಳಿ ಮುಗಿಸಿ ಬರುವ ಎಂಜಿನಿಯರ್, ಇವರೆಲ್ಲರೂ ಪುಣೆಯ ಕನ್ನಡಿಗರೇ. ಮೈಮುರಿದು ದುಡಿಯುವ ಕೂಲಿಯವರಿಗೆ ನಾವು ನಡಿಗೆಯ ಉಪದೇಶ ಮಾಡಹೊರಟರೆ ಅದು ಅಣಕವಾದೀತು. ಅವರಿಗೆ ಬೇಕಾಗಿರುವುದು ಪುಕ್ಕಟೆ ಪರೀಕ್ಷೆ ಮತ್ತು ಹೊಟ್ಟೆ ತುಂಬ ಸತ್ತ್ವವುಳ್ಳ ಊಟ. ಆದರೆ ರಾತ್ರಿಪಾಳಿಯವನು ಮಧ್ಯಾಹ್ನ ಎದ್ದಾಗ ಉದ್ಯಾನದ ಬಾಗಿಲಿಗೆ ಬೀಗವಿರಬಾರದು. ಹಲವು ಊರುಗಳಲ್ಲಿ ಉದ್ಯಾನಗಳು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತವೆ. ಬೀಗ ತೆಗೆಸಲು ಹಣ ಬೇಕಿಲ್ಲ, ಒಂದು ಆದೇಶ ಸಾಕು.

ನಮ್ಮ ಓದುಗರು ಹರಡಿಕೊಂಡಿರುವ ಊರುಗಳಿಗೆ ಒಂದೊಂದಕ್ಕೂ ಅದರದೇ ನಡಿಗೆಯ ಜಾಗವಿದೆ. ಮುಂಬಯಿಯವರಿಗೆ ಮಾಟುಂಗಾದ ಫೈವ್ ಗಾರ್ಡನ್ಸ್, ಬೊರಿವಲಿಯ ರಾಷ್ಟ್ರೀಯ ಉದ್ಯಾನ. ಚೆನ್ನೈಯವರಿಗೆ ಮೈಲಾಪುರದ ನಾಗೇಶ್ವರ ರಾವ್ ಪಾರ್ಕು. ದೆಹಲಿಯವರಿಗೆ ಲೋಧಿ ಉದ್ಯಾನ. ದೆಹಲಿಯಲ್ಲಿ ದೀಪಾವಳಿಯ ನಂತರ ಗಾಳಿ ಕೆಟ್ಟ ದಿನಗಳಲ್ಲಿ ಮನೆಯೊಳಗೇ ನಡೆಯುವುದು ವಿವೇಕ. ಹೊಸದಾಗಿ ನಡೆಯತೊಡಗುವವರು, ಅದರಲ್ಲೂ ಎದೆನೋವು, ಏದುಸಿರು ಇರುವವರು, ಗುಡ್ಡ ಹತ್ತುವ ಮೊದಲು ವೈದ್ಯರನ್ನು ಕಾಣಲಿ. ಮೊಣಕಾಲು ನೋಯುವವರಿಗೆ ಸಮತಟ್ಟಾದ ದಾರಿಯೇ ಒಳ್ಳೆಯದು. ಮಾತನಾಡಲು ಸಾಧ್ಯ, ಹಾಡಲು ಅಸಾಧ್ಯ ಎನ್ನುವಷ್ಟು ವೇಗವಿದ್ದರೆ ಸಾಕು. ವೈದ್ಯರು ಮಾತ್ರೆ ಕೊಟ್ಟಿದ್ದರೆ ನಡಿಗೆಯ ಹೆಸರಿನಲ್ಲಿ ಅದನ್ನು ತಾವಾಗಿ ನಿಲ್ಲಿಸಕೂಡದು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ತಪ್ಪದಿರಲಿ.

ಸಾಹಿತ್ಯ ಬಳಗವೊಂದಕ್ಕೆ ಈ ವಿಷಯ ಏಕೆ ಎಂದು ಕೆಲವರು ಕೇಳಬಹುದು. ಪರನಾಡಿನಲ್ಲಿ ಕನ್ನಡ ಉಳಿದಿರುವುದು ಕನ್ನಡ ಮಾತನಾಡುವವರ ದೇಹಗಳಲ್ಲಿ. ನಮ್ಮ ಸಭೆಗಳಲ್ಲಿ ಕುಳಿತಿರುವವರ ಸರಾಸರಿ ವಯಸ್ಸನ್ನು ನೋಡಿದರೆ ಪ್ರಶ್ನೆಗೆ ಉತ್ತರ ಸಿಕ್ಕೀತು. ಆದ್ದರಿಂದ ನಮ್ಮದೊಂದು ಸೂಚನೆ. ತಿಂಗಳಿಗೊಂದು ಭಾನುವಾರದ ಗೋಷ್ಠಿಯನ್ನು ಸಭಾಗೃಹದಿಂದ ಗುಡ್ಡಕ್ಕೆ ವರ್ಗಾಯಿಸೋಣ. ಓದಿದ ಪುಸ್ತಕದ ಬಗ್ಗೆ ಇಬ್ಬಿಬ್ಬರಾಗಿ ಮಾತನಾಡುತ್ತ ನಡೆದರೆ ಮುಕ್ಕಾಲು ಗಂಟೆ ಸರಿದದ್ದೇ ತಿಳಿಯದು. ಹೆಂಗಸರಿಗೆ ಅನುಕೂಲವಾಗುವ ಹೊತ್ತನ್ನು ಹೆಂಗಸರೇ ನಿಶ್ಚಯಿಸಲಿ. ಮೇಲೆ ತಲುಪಿದ ಬಳಿಕ ಶಿರಾದ ಬದಲು ಕಡಲೆಕಾಳಿನ ಉಸುಳಿ, ಸಕ್ಕರೆಯಿಲ್ಲದ ಚಹಾ ಸಾಕು. ಉಳಿದ ಭಾನುವಾರಗಳಲ್ಲಿ ಅದೇ ದಾರಿಯಲ್ಲಿ ಮನೆಯವರೊಂದಿಗೆ ನಡೆಯೋಣ. ಟೇಕಡಿಯನ್ನು ಕಾಯಲು ಮರಾಠಿ ನೆರೆಯವರು ಮನವಿಪತ್ರ ಹಿಡಿದು ಬಂದಾಗ ಅದರಲ್ಲಿ ಕನ್ನಡದ ಹೆಸರುಗಳೂ ಕಾಣಲಿ. ಈ ಗುಡ್ಡದ ಗಾಳಿಯನ್ನು ನಾವೂ ಉಸಿರಾಡುತ್ತೇವೆ. ಪುಣೆಯಲ್ಲಿ ಈಗ ಮಳೆ ಬಿಡುವು ಕೊಟ್ಟಿದೆ, ವೇತಾಳ ಟೇಕಡಿಯ ಹುಲ್ಲು ಇನ್ನೂ ಹಸಿರಾಗಿದೆ. ಮೊದಲ ನಡಿಗೆಗೆ ದಿನ ಗೊತ್ತುಮಾಡುವುದಷ್ಟೇ ಬಾಕಿ.